ಕವಣೆಗೆ ಕಲ್ಲೇ ಬೇಕೆಂಬ ಹಟ

‘ಕವಣಿ ಅಂದಮ್ಯಾಲೆ ಕಲ್ಲೇ ಬೇಕು. ಚೆಂಡು ಇಟ್ಟು ಬೀಸೂದು ಸಣ್ಣ ಹುಡುಗರ ಆಟ.’ ಹುನಗುಂದದ ಕಟ್ಟೆಯ ಮೇಲಾಗಲಿ, ಬಾದಾಮಿಯ ಚಹಾದಂಗಡಿಯಲ್ಲಾಗಲಿ, ಬಾಗಲಕೋಟೆಯ ನವನಗರದ ಖಾಲಿ ಮೈದಾನದಲ್ಲಾಗಲಿ, ಕವಣೆಯ ಪ್ರಸ್ತಾಪ ಬಂತೆಂದರೆ ಈ ಮಾತೂ ಹಿಂದೆಯೇ ಬರುತ್ತದೆ. ಆಡುವವರು ಹಿರಿಯರು, ಊರಲ್ಲಿ ನಾಲ್ಕು ಜನ ಕೇಳುವಂಥವರು. ಅದಕ್ಕೇ ಯಾರೂ ಎದುರಾಡುವುದಿಲ್ಲ. ಕವಣೆ ಇಂದು ಹೊಲ ಕಾಯುವ ಕೆಲಸದಿಂದ ಹೆಚ್ಚುಕಡಿಮೆ ಹೊರಬಿದ್ದಿದೆ. ಇನ್ನು ಅದು ಉಳಿದರೆ ಆಟವಾಗಿ, ಪಂದ್ಯವಾಗಿ ಉಳಿಯಬೇಕು. ಇಂಥ ಹೊತ್ತಿನಲ್ಲಿ ಈ ಮಾತನ್ನು ಸುಮ್ಮನೆ ಕೇಳಿಸಿಕೊಂಡು ಬಿಟ್ಟರೆ ಒಂದು ದಿನ ಯಾವುದೋ ಹುಡುಗನ ಕಣ್ಣು ಹೋಗುತ್ತದೆ. ಮರುದಿನದಿಂದ ಊರಲ್ಲಿ ಕವಣೆಯೂ ಇರುವುದಿಲ್ಲ. ಸಂಪ್ರದಾಯದ ಹೆಸರು ಹೇಳುವ ಈ ವಾದ ಸಂಪ್ರದಾಯವನ್ನು ಸರಿಯಾಗಿ ನೋಡಿಲ್ಲ. ವಿದ್ಯೆಯ ಹೆಸರು ಹೇಳುತ್ತ ಕಲಿಯುವವನ ವಿದ್ಯೆಯನ್ನೇ ಕೆಡಿಸುತ್ತದೆ.

ಮೊದಲು ಹಿರಿಯರ ಹೊಲಕ್ಕೇ ಹೋಗೋಣ. ಹಿಂಗಾರಿನ ಬಿಳಿಜೋಳ ಹಾಲುಗಾಳು ಕಟ್ಟುವ ದಿನಗಳಲ್ಲಿ ಗಿಳಿ, ಗುಬ್ಬಿ, ಗೀಜಗಗಳ ಹಿಂಡು ತೆನೆಯ ಮೇಲೆ ಇಳಿಯುತ್ತದೆ. ಅಟ್ಟದ ಮೇಲೆ ನಿಂತ ಕಾವಲುಗಾರ ಪುಂಡಿ ನಾರಿನ ಕವಣೆಯನ್ನು ತಲೆಯ ಸುತ್ತ ತಿರುವಿ ಬಿಡುತ್ತಾನೆ. ಬಿಟ್ಟ ಹಗ್ಗದ ತುದಿ ಗಾಳಿಯಲ್ಲಿ ಚಟಾರನೆ ಸಿಡಿಯುತ್ತದೆ, ಹಿಂಡು ಭರ್ರನೆ ಏಳುತ್ತದೆ. ಅವನಿಗೆ ಬೇಕಾದದ್ದು ಅಷ್ಟೇ. ಹಕ್ಕಿಯ ತಲೆಗೆ ಗುರಿಯಿಟ್ಟು ದಿನವಿಡೀ ಹೊಡೆಯುತ್ತ ಕೂತವನ ಹೊಲದಲ್ಲಿ ತೆನೆ ಉಳಿಯುವುದಿಲ್ಲ. ಮುಖ್ಯವಾಗಿ, ಎರೆಹೊಲದಲ್ಲಿ ಅವನ ಕೈಗೆ ಸುಲಭವಾಗಿ ಸಿಗುವುದು ಕಲ್ಲಲ್ಲ, ಹೆಂಟೆ. ಕುಂಟೆಯ ಕುಡಕ್ಕೆ, ಕುಡುಗೋಲಿನ ಬಾಯಿಗೆ ಅಡ್ಡ ಬರುವ ಕಲ್ಲನ್ನು ರೈತ ವರ್ಷವರ್ಷವೂ ಆರಿಸಿ ಬದುವಿಗೆ ಹಾಕುತ್ತಾನೆ. ಹಾಗೆ ಆರಿಸಿದ್ದನ್ನೇ ಮತ್ತೆ ಬೆಳೆಯೊಳಗೆ ಬೀಸಿ ಒಗೆಯಲು ಅವನಿಗೇನು ಬುದ್ಧಿ ಕೆಟ್ಟಿದೆಯೆ? ಹೆಂಟೆ ಬಿದ್ದಲ್ಲಿ ಪುಡಿಯಾಗುತ್ತದೆ, ಮಣ್ಣಿಗೆ ಮಣ್ಣು ಸೇರುತ್ತದೆ. ಮಸಾರಿ ಮತ್ತು ಮಡ್ಡಿಯ ಕಡೆ ಕಲ್ಲು ಬಳಸಿದ್ದಾರೆ, ನಿಜ. ಅಲ್ಲಿ ಕಾಲಡಿಯಲ್ಲಿ ಬಿದ್ದದ್ದು ಅದೇ ಆಗಿತ್ತು. ಕೈಗೆ ಸಿಕ್ಕಿದ್ದನ್ನು ಬಳಸಿದ್ದನ್ನೇ ಇಂದು ಕವಣೆಯ ಧರ್ಮವೆಂದು ಸಾರುವುದು ತಪ್ಪು.

ಇನ್ನೂ ಹಿಂದೆ ಹೋದರೂ ಇದೇ ಕಾಣುತ್ತದೆ. ಸಿರಿಯಾದ ಈಶಾನ್ಯದಲ್ಲಿರುವ ಹಮೂಕರ್ ಎಂಬ ನೆಲೆಯಲ್ಲಿ 2005ರಲ್ಲಿ ಅಗೆದವರಿಗೆ ಕ್ರಿ.ಪೂ. 3500ರ ಆಸುಪಾಸಿನ ಕದನವೊಂದರ ಅವಶೇಷ ಸಿಕ್ಕಿತು. ಬಿದ್ದ ಗೋಡೆಗಳ ನಡುವೆ ಸಾವಿರಕ್ಕೂ ಹೆಚ್ಚು ಕವಣೆಗುಂಡುಗಳಿದ್ದವು. ಅವೆಲ್ಲ ಮಣ್ಣಿನವು, ಮೊಟ್ಟೆಯಾಕಾರದಲ್ಲಿ ಕೈಯಿಂದ ಕಟ್ಟಿದವು. ರೋಮನ್ನರ ಸೈನ್ಯ ಸೀಸ ಎರಕ ಹೊಯ್ದುಕೊಂಡಿತು. ಕೊಲ್ಲಲು ಹೊರಟವರೇ ಕಲ್ಲಿಗೆ ಅಂಟಿಕೊಳ್ಳದೆ ಕೆಲಸಕ್ಕೆ ತಕ್ಕ ಗುಂಡನ್ನು ಆರಿಸಿಕೊಂಡಿರುವಾಗ, ಯಾರನ್ನೂ ಕೊಲ್ಲಬೇಕಿಲ್ಲದ ನಮ್ಮ ಹುಡುಗರು ಕಲ್ಲಿಗೇ ಏಕೆ ಜೋತುಬೀಳಬೇಕು?

ನಮ್ಮದೇ ಪಂಚಮಿ ಹಬ್ಬವನ್ನು ನೋಡಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರಪಂಚಮಿಗೆ ಜೋಕಾಲಿ, ಕೊಬ್ಬರಿ ಬಟ್ಟಲು ಇದ್ದಂತೆ ಲಿಂಬೆಹಣ್ಣು ಒಗೆಯುವ ಪಣವೂ ಉಂಟು. ಇಲ್ಲಿಂದ ಅಲ್ಲಿಯತನಕ ಇಷ್ಟೇ ಎಸೆತದಲ್ಲಿ ಮುಟ್ಟಿಸಬೇಕು ಎಂದು ಮಾತು ಕಟ್ಟಿ, ಊರ ರಸ್ತೆಯುದ್ದಕ್ಕೂ ಓಡುತ್ತ ಒಗೆಯುತ್ತಾರೆ. ಗೆದ್ದವನನ್ನು ಹೆಗಲ ಮೇಲೆ ಹೊರುತ್ತಾರೆ. ಲಿಂಬೆಹಣ್ಣು ಮೆತ್ತಗಿದೆ, ಆದ್ದರಿಂದ ಇದು ಗಂಡಸರ ಆಟವಲ್ಲ ಎಂದು ಇದುವರೆಗೆ ಯಾವ ಗೌಡರೂ ಹೇಳಿಲ್ಲ. ಜನ ತುಂಬಿದ ಬೀದಿಯಲ್ಲಿ ಒಗೆಯಲು ತಕ್ಕ ವಸ್ತು ಯಾವುದೆಂದು ಆ ಪಣ ಶುರುಮಾಡಿದವರಿಗೆ ಗೊತ್ತಿತ್ತು. ಕವಣೆಯ ವಿಷಯಕ್ಕೆ ಬಂದಾಗ ಮಾತ್ರ ಆ ತಿಳಿವಳಿಕೆಯನ್ನು ಮನೆಯಲ್ಲಿಟ್ಟು ಬರುತ್ತೇವೆ.

ಟೆನಿಸ್ ಚೆಂಡಿನ ಕ್ರಿಕೆಟ್ಟನ್ನೂ ನೆನೆಯಿರಿ. ಇಳಕಲ್ಲಿನ ಗಲ್ಲಿಯಿಂದ ಬಾಗಲಕೋಟೆಯ ಕಾಲೇಜು ಮೈದಾನದತನಕ ಹುಡುಗರು ಬ್ಯಾಟು ಹಿಡಿದು ಕಲಿತದ್ದು ಅದರಲ್ಲೇ. ಚರ್ಮದ ಚೆಂಡು ಬಂದದ್ದು ಕೈ, ಕಣ್ಣು ಪಳಗಿದ ಮೇಲೆ, ಪ್ಯಾಡು ಹೆಲ್ಮೆಟ್ಟುಗಳ ಜೊತೆಗೆ. ಆ ಚರ್ಮದ ಚೆಂಡು ತೂಗುವುದು 156ರಿಂದ 163 ಗ್ರಾಂ. 2014ರ ನವೆಂಬರ್ 25ರಂದು ಸಿಡ್ನಿಯ ಮೈದಾನದಲ್ಲಿ ಅಂಥದೊಂದು ಚೆಂಡು ಹೆಲ್ಮೆಟ್ ಹಾಕಿದ್ದ ಫಿಲಿಪ್ ಹ್ಯೂಸ್ ಅವರ ಕುತ್ತಿಗೆಗೆ ಬಡಿಯಿತು. ಎರಡು ದಿನಕ್ಕೆ ಅವರು ತೀರಿಕೊಂಡರು. ಅಂತರರಾಷ್ಟ್ರೀಯ ಆಟಗಾರ, ಎದುರಿನಿಂದ ಚೆಂಡು ಬರುತ್ತದೆಂದು ತಿಳಿದು ನಿಂತಿದ್ದವರು. ಅದೇ ತೂಕದ ಮಲಪ್ರಭೆಯ ಉರುಟುಗಲ್ಲನ್ನು, ಯಾವ ಕಡೆ ಹಾರುತ್ತದೆಂದು ಬೀಸುವವನಿಗೇ ತಿಳಿಯದ ಕವಣೆಯಲ್ಲಿಟ್ಟು, ಬರಿದಲೆಯ ಹುಡುಗರ ಗುಂಪಿನ ನಡುವೆ ತಿರುಗಿಸಲು ಬಿಡುವುದಕ್ಕೆ ಧೈರ್ಯವೆಂದು ಹೆಸರಿಡುವುದು ನನಗಂತೂ ಸಾಧ್ಯವಿಲ್ಲ.

ಯಾವ ಕಡೆ ಹಾರುತ್ತದೆಂದು ತಿಳಿಯದು ಎಂದೆ. ಈ ಮಾತನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ಕಲ್ಲಿನ ಪಕ್ಷದವರು ಎಡವುವುದೇ ಇಲ್ಲಿ. ಕವಣೆಗೆ ಎರಡು ಹಗ್ಗ, ನಡುವೆ ಗುಂಡು ಕೂರುವ ಪಟ್ಟಿ. ಒಂದರ ತುದಿಯ ಉಂಗುರ ಬೆರಳಿಗೆ ಸಿಕ್ಕಿರುತ್ತದೆ, ಇನ್ನೊಂದರ ಗಂಟು ಹೆಬ್ಬೆರಳು ತೋರುಬೆರಳಿನ ನಡುವೆ ಇರುತ್ತದೆ. ವಿದ್ಯೆಯೆಲ್ಲ ಆ ಗಂಟನ್ನು ಬಿಡುವ ಗಳಿಗೆಯಲ್ಲಿ. ತೋಳು, ಹಗ್ಗ ಸೇರಿ ಸುತ್ತಿನ ತ್ರಿಜ್ಯ 1.2 ಮೀಟರ್, ಗುಂಡಿನ ವೇಗ ಸೆಕೆಂಡಿಗೆ 30 ಮೀಟರ್ ಎಂದಿಟ್ಟುಕೊಳ್ಳಿ. ಇದು ಅಂಥಾ ಭಾರೀ ವೇಗವೇನಲ್ಲ. ಬೆರಳು ಬಿಡುವುದು ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ತಡವಾದರೆ ಸಾಕು, ಗುಂಡು ಹೊರಡುವ ದಿಕ್ಕು 28 ಡಿಗ್ರಿಗೂ ಹೆಚ್ಚು ತಿರುಗಿಬಿಟ್ಟಿರುತ್ತದೆ. ತಲೆಯ ಮೇಲೆ ಅಡ್ಡಲಾಗಿ ತಿರುವುವವನು 50 ಮೀಟರ್ ಆಚೆಯ ಗುರಿಗೆ ಬೀಸಿದ್ದು 27 ಮೀಟರ್ ಪಕ್ಕಕ್ಕೆ ಹೋಗಿ ಬೀಳುತ್ತದೆ. ಇನ್ನೊಂದಿಷ್ಟು ತಡವಾದರೆ ಪಕ್ಕದಲ್ಲಿ ನಿಂತವನ ಕಡೆಗೆ, ಮತ್ತೂ ತಪ್ಪಿದರೆ ಬೆನ್ನ ಹಿಂದಕ್ಕೆ. ಹೊಸಬನ ಕವಣೆಯಲ್ಲಿ ಅಪಾಯ ಇರುವುದು ಗುರಿಯ ಹತ್ತಿರವಲ್ಲ, ಅವನ ಹಿಂದೆ, ಎಡಬಲಕ್ಕೆ. ಗೆಳೆಯರು ನಿಲ್ಲುವುದು, ತಮ್ಮಂದಿರು ಕೂತು ನೋಡುವುದು ಅಲ್ಲಿಯೇ.

ಈ ಸೂಕ್ಷ್ಮ ಗಳಿಗೆಯನ್ನು ಕೈ ಕಲಿಯಬೇಕಾದರೆ ಒಂದೇ ತೂಕದ, ಒಂದೇ ಆಕಾರದ ಗುಂಡನ್ನು ಮತ್ತೆ ಮತ್ತೆ ಬೀಸಬೇಕು. ಹೊಳೆಯ ದಂಡೆಯಿಂದ ಆರಿಸಿ ತಂದ ಕಲ್ಲು ಹಾಗಿರುವುದಿಲ್ಲ. ಒಂದು 60 ಗ್ರಾಂ ಇದ್ದರೆ ಮುಂದಿನದು 110. ಒಂದು ದುಂಡಗಿದ್ದರೆ ಇನ್ನೊಂದು ಚಪ್ಪಟೆಯಾಗಿದ್ದು ಗಾಳಿ ಹಿಡಿದು ವಾಲುತ್ತದೆ. ಎಸೆತ ತಪ್ಪಿತು, ತಪ್ಪಿದ್ದು ಬೆರಳೋ ಕಲ್ಲೋ? ಹುಡುಗನಿಗೆ ತಿಳಿಯುವುದಿಲ್ಲ, ಕಲಿಸುವವನಿಗೂ ತಿಳಿಯುವುದಿಲ್ಲ. ಬಿದ್ದ ಕಲ್ಲು ಕೂಳೆಯ ನಡುವೆ ಎಲ್ಲಿ ಅಡಗಿತೋ ಕಾಣದು. ಎಲ್ಲಿ ಬಿತ್ತೆಂದು ಕಾಣದ ಮೇಲೆ ತಿದ್ದಿಕೊಳ್ಳುವುದಾದರೂ ಹೇಗೆ? ಟೆನಿಸ್ ಚೆಂಡಿನ ತೂಕ ನಿಯಮದ ಪ್ರಕಾರ 56ರಿಂದ 59.4 ಗ್ರಾಂ, ಅಂಗಡಿಯ ಅಗ್ಗದ ಚೆಂಡಿನಲ್ಲೂ ಒಂದೇ ಡಬ್ಬಿಯವು ಹೆಚ್ಚು ಏರುಪೇರಾಗುವುದಿಲ್ಲ. ಹಳದಿ ಚೆಂಡು ಹಾರುವಾಗಲೂ ಕಾಣುತ್ತದೆ, ಬಿದ್ದಲ್ಲಿಯೂ ಕಾಣುತ್ತದೆ. ಹೆದರಿಕೆಯ ಮಾತೂ ಇದೆ. ಕೈಯಲ್ಲಿ ಕಲ್ಲಿದೆ, ಹಿಂದೆ ತಂಗಿ ನಿಂತಿದ್ದಾಳೆ ಎಂಬ ಅಳುಕಿರುವ ಹುಡುಗ ತೋಳನ್ನು ಪೂರ್ತಿ ಬೀಸುವುದೇ ಇಲ್ಲ. ಕೊನೆಯ ಗಳಿಗೆಯಲ್ಲಿ ಕೈ ಹಿಡಿಯುತ್ತಾನೆ. ಹಾಗೆ ಹಿಡಿದಾಗಲೇ ಗಂಟು ತಡವಾಗಿ ಬಿಡುತ್ತದೆ.

ತೂಕ ಹೆಚ್ಚಾದಷ್ಟೂ ಶೌರ್ಯವೆಂಬ ಭ್ರಮೆ ಬೇರೆ. 1981ರಲ್ಲಿ ಅಮೆರಿಕದ ಯೂಟಾದಲ್ಲಿ ಲ್ಯಾರಿ ಬ್ರೇ ಕವಣೆಯಿಂದ 437 ಮೀಟರ್ ದೂರ ಎಸೆದು ಗಿನ್ನೆಸ್ ದಾಖಲೆ ಮಾಡಿದರು. ಅವರು ಬೀಸಿದ ಕಲ್ಲಿನ ತೂಕ 52 ಗ್ರಾಂ. ಟೆನಿಸ್ ಚೆಂಡಿಗಿಂತಲೂ ಹಗುರ! 1992ರಲ್ಲಿ ಡೇವಿಡ್ ಎಂಗ್ವಾಲ್ 477 ಮೀಟರ್ ದಾಟಿದ್ದು ಕಲ್ಲಿನಿಂದಲ್ಲ, ಲೋಹದ ಬಾಣದಂಥ ವಸ್ತುವಿನಿಂದ. ಮುಷ್ಟಿಗಾತ್ರದ ಕಲ್ಲಿಟ್ಟು ಬೀಸುವ ಹುಡುಗ ಮಾಡುತ್ತಿರುವುದು ಬೇರೆಯೇ ಕೆಲಸ. ಮೇಲೆ ಹೇಳಿದ ವೇಗದಲ್ಲೇ 100 ಗ್ರಾಂ ಗುಂಡು ತೋಳನ್ನು ಏಳೂವರೆ ಕಿಲೋ ತೂಕದಷ್ಟು ಎಳೆಯುತ್ತದೆ. 300 ಗ್ರಾಂ ಇಟ್ಟರೆ ಆ ಎಳೆತ 23 ಕಿಲೋ ಆಗುತ್ತದೆ. ಹನ್ನೆರಡು ವರ್ಷದವನ ಹೆಗಲ ಕೀಲು ಅದನ್ನು ದಿನಕ್ಕೆ ಎಷ್ಟು ಸಲ ತಡೆದೀತು? ಹಗ್ಗವೂ ತಡೆಯಬೇಕಲ್ಲ. ಪುಂಡಿ ನಾರು ಬಿಸಿಲಿಗೆ, ತೇವಕ್ಕೆ ಒಳಗೊಳಗೇ ಜೀವ ಕಳೆದುಕೊಳ್ಳುತ್ತದೆ. ಭಾರದ ಕಲ್ಲಿಗೆ ಅದು ನಡುಸುತ್ತಿನಲ್ಲಿ ಕಡಿದರೆ ದಿಕ್ಕನ್ನು ನಿರ್ಧರಿಸುವುದು ಬೀಸುವವನ ಕೈಲಿ ಉಳಿಯುವುದೇ ಇಲ್ಲ.

ಜಾಗದ ಪ್ರಶ್ನೆಗೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಬಂಡೆಗೆ ಹೊಡೆದರೆ ಠಣ್ಣೆನ್ನುತ್ತದೆ, ಗುಡ್ಡ ಮರುದನಿ ಕೊಡುತ್ತದೆ, ಹುಡುಗರಿಗೆ ಅದೇ ಗಮ್ಮತ್ತು. ಗಟ್ಟಿ ಬಂಡೆಗೆ ಬಡಿದ ಕಲ್ಲು ಅಲ್ಲೇ ನಿಲ್ಲುವುದಿಲ್ಲ. ಒಂದೋ ತಿರುಗಿ ಬರುತ್ತದೆ, ಇಲ್ಲವೇ ಒಡೆದು ಚಕ್ಕೆಯಾಗಿ ಸಿಡಿಯುತ್ತದೆ. ಆ ಚಕ್ಕೆ ಹುಡುಕುವುದು ಕಣ್ಣನ್ನೇ. ಬಡಿಸಿಕೊಂಡ ಬಂಡೆಯಾದರೂ ಎಂಥದ್ದು? ಅಗಸ್ತ್ಯತೀರ್ಥದ ಆಸುಪಾಸಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ನಮಗೆ ಮೊದಲು ಸಿಗುವುದು ಅಲ್ಲಿ. ಎದುರು ಗುಡ್ಡದ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವಿದೆ. ಮರಳುಗಲ್ಲು ಏಟು ಬಿದ್ದಲ್ಲಿ ಹರಳು ಹರಳಾಗಿ ಉದುರುತ್ತದೆ. ಒಂದೂವರೆ ಸಾವಿರ ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದು ಮಧ್ಯಾಹ್ನದ ಆಟಕ್ಕೆ ಮುಕ್ಕಾಗಬೇಕೆ? ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ಆಗಬಹುದು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಕಾಯ್ದೆ ಇರಲಿ ಬಿಡಲಿ, ಬಾದಾಮಿಯಲ್ಲಿ ಹುಟ್ಟಿದವನು ಗುಡ್ಡದ ಕಡೆ ಮುಖ ಮಾಡಿ ಕವಣೆ ಬೀಸಬಾರದು. ಮಂಗ ಓಡಿಸುವ ನೆಪವನ್ನೂ ನಾನು ಒಪ್ಪುವುದಿಲ್ಲ; ಆ ಮಂಗಗಳ ಸುತ್ತ ಸದಾ ಪ್ರವಾಸಿಗರು, ಶಾಲೆಯ ಮಕ್ಕಳು ಇರುತ್ತಾರೆ.

ಇಳಕಲ್ಲಿನ ಕಡೆ ಇನ್ನೊಂದು ಚಾಳಿ. ಗ್ರಾನೈಟ್ ಕತ್ತರಿಸುವಲ್ಲಿ ಉಳಿದ ಕೆಂಪು ಚೂರುಗಳು ಕಣ್ಣಿಗೆ ಚೆಂದ, ಕೈಗೆ ಭಾರ. ಅವುಗಳ ಅಂಚು ಕವಣೆಯ ನಡುಪಟ್ಟಿಯನ್ನೇ ಕೊಯ್ಯುತ್ತದೆ. ಮೈಗೆ ತಾಗಿದರೆ ಹೇಳಬೇಕಿಲ್ಲ. ಗ್ಯಾರೇಜಿನ ಬೇರಿಂಗ್ ಗುಂಡು, ಗಾಜಿನ ಗೋಲಿ, ನಟ್ಟು ಇವೂ ಬೇಡ. ಗಾತ್ರಕ್ಕೆ ತೂಕ ಹೆಚ್ಚಿರುವುದರಿಂದ ಗಾಳಿ ಇವುಗಳ ವೇಗವನ್ನು ಚೆಂಡಿನಂತೆ ಬೇಗ ಮುರಿಯುವುದಿಲ್ಲ, ಸಣ್ಣಗಿರುವುದರಿಂದ ಹಾರುವಾಗ ಕಾಣುವುದೂ ಇಲ್ಲ. ಬೇರೆ ದೇಶದವರು ಸೀಸ ಬಳಸುತ್ತಾರೆಂದು ಮೊಬೈಲಿನಲ್ಲಿ ನೋಡಿ ಬಂದವರಿಗೆ ಒಂದೇ ಮಾತು: ಸೀಸ ವಿಷ, ಮಕ್ಕಳ ಕೈಗೆ ಅದು ಸೇರಬಾರದು.

ಹಾಗಾದರೆ ಏನಿಡಬೇಕು? ಹೊಸಬನಿಗೆ ಟೆನಿಸ್ ಚೆಂಡು. ಇದಕ್ಕೆ ಕವಣೆಯ ನಡುಪಟ್ಟಿ ಸ್ವಲ್ಪ ಅಗಲ ಬೇಕು, ಹೆಣೆಯುವಾಗಲೇ ನಾಲ್ಕು ಎಳೆ ಹೆಚ್ಚು ಹಾಕಿಕೊಂಡರೆ ಆಯಿತು. ಚೆಂಡಿನ ದೊಡ್ಡ ಗುಣವೆಂದರೆ ಗಾಳಿ ಅದನ್ನು ಬೇಗ ತಡೆಯುತ್ತದೆ. ಸೆಕೆಂಡಿಗೆ 30 ಮೀಟರಿನಲ್ಲಿ ಹೊರಟದ್ದು 30 ಮೀಟರ್ ದಾಟುವಷ್ಟರಲ್ಲಿ ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲಿನಷ್ಟು ಕಳೆದುಕೊಂಡಿರುತ್ತದೆ. ಕ್ರಿಕೆಟ್ ಚೆಂಡಿನ ತೂಕದ ಕಲ್ಲು ಅದೇ ದೂರದಲ್ಲಿ ತನ್ನ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ಹಾಗೇ ಉಳಿಸಿಕೊಂಡಿರುತ್ತದೆ.

ಚೆಂಡು ಪುಟಿದು ದೂರ ಓಡುತ್ತದೆ ಎನ್ನುವವರಿಗೆ ಅರಿವೆಯ ಗುಂಡು ಇದೆ, ನನಗಂತೂ ಅದೇ ಹೆಚ್ಚು ಇಷ್ಟ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ನೂಲಿನ ತುಂಡು ಉಳಿಯುತ್ತವೆ, ಗುಳೇದಗುಡ್ಡದಲ್ಲಿ ಖಣದ ಚೂರು ಸಿಗುತ್ತವೆ, ಕೌದಿ ಹೊಲಿಯುವ ಅವ್ವಂದಿರು ಪ್ರತಿ ಊರಲ್ಲೂ ಇದ್ದಾರೆ. ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ ಸಣ್ಣ ಚೀಲ ಹೊಲಿದು, ಮೇಲೆ ಕೌದಿಯಂತೆ ಒತ್ತೊತ್ತಾಗಿ ದಾರ ಓಡಿಸಿ, ಒಳಗೆ ಹುಣಸೆ ಬೀಜ ತುಂಬಿ ಬಾಯಿ ಮುಚ್ಚಬೇಕು. ಜೋಳವನ್ನೂ ತುಂಬಬಹುದು, ಉಣ್ಣುವ ಕಾಳನ್ನು ಒಗೆಯಲು ನನಗೆ ಮನಸ್ಸು ಬರುವುದಿಲ್ಲ. ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ಎಲ್ಲವನ್ನೂ 60 ಗ್ರಾಮಿಗೆ ಸರಿಮಾಡಿಕೊಂಡರೆ ಹತ್ತು ಗುಂಡೂ ಒಂದೇ ರೀತಿ ಹಾರುತ್ತವೆ. ಬಿದ್ದಲ್ಲಿ ದೊಪ್ಪನೆ ಕೂರುತ್ತವೆ, ಉರುಳುವುದಿಲ್ಲ.

ಮಣ್ಣಿನ ಉಂಡೆಯ ಬಗ್ಗೆ ಎಚ್ಚರ ಬೇಕು. ಮಣ್ಣೆಂದ ಮಾತ್ರಕ್ಕೆ ಮೆತ್ತಗೆಂದು ನಂಬಿಕೊಂಡವರಿದ್ದಾರೆ. ಎರೆಮಣ್ಣೊಂದನ್ನೇ ನಾದಿ ಉಂಡೆ ಕಟ್ಟಿ ಬಿಸಿಲಿಗಿಟ್ಟರೆ ಅದು ಒಣಗುತ್ತ ಬಿಗಿದುಕೊಂಡು ಕಲ್ಲೇ ಆಗುತ್ತದೆ. ಒಳಗೆ ಸುಣ್ಣಕಲ್ಲಿನ ಹರಳಿದ್ದರೆ ಇನ್ನೂ ಕೆಟ್ಟದ್ದು. ಮಣ್ಣನ್ನು ಜರಡಿ ಹಿಡಿದು, ಒಂದು ಪಾಲು ಎರೆಗೆ ಎರಡು ಪಾಲು ಮರಳು ಮಿಶ್ರಿತ ಮಸಾರಿ ಸೇರಿಸಿ, ಹಿಡಿಯಷ್ಟು ಹೊಟ್ಟು ಬೆರೆಸಿ ಕಟ್ಟಬೇಕು. ಒಣಗಿದ ಮೇಲೆ ಪ್ರತಿ ಕಂತಿನಿಂದ ಒಂದನ್ನು ಹೆಗಲ ಎತ್ತರದಿಂದ ಹಾಸುಗಲ್ಲಿನ ಮೇಲೆ ಬಿಟ್ಟು ನೋಡಬೇಕು. ಪುಡಿಯಾದರೆ ಆ ಕಂತು ಕವಣೆಗೆ ಬರುತ್ತದೆ. ಎರಡೇ ಹೋಳಾಗಿ ಒಡೆದರೆ ಅಥವಾ ಪುಟಿದರೆ ಇಡೀ ಕಂತನ್ನು ನೀರಿಗೆ ಹಾಕಿ ಮತ್ತೆ ಕಲಸಬೇಕು. ಸರಿಯಾಗಿ ಬಂದ ಉಂಡೆ ಗುರಿಯ ಮೇಲೆ ಬಿದ್ದ ಜಾಗದಲ್ಲಿ ಮಣ್ಣಿನ ಗುರುತು ಬಿಡುತ್ತದೆ, ಯಾರ ಎಸೆತ ಎಲ್ಲಿ ಬಿತ್ತೆಂದು ಜಗಳವಿಲ್ಲ.

ಮೆತ್ತಗಿನದನ್ನು ಬಳಸುತ್ತೇವಲ್ಲ, ಇನ್ನೇನು ಭಯ ಎಂದು ಮೈಮರೆಯುವವರ ಮೇಲೂ ನನಗೆ ಅಷ್ಟೇ ಆಕ್ಷೇಪವಿದೆ. ಹತ್ತಿರದಿಂದ ಬಂದ ಟೆನಿಸ್ ಚೆಂಡು ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ದೂರ ಹೋಗಲೆಂದು ಚೆಂಡಿಗೆ ತೂತು ಮಾಡಿ ಮರಳು ತುಂಬುವವರು ಅದನ್ನು ಮತ್ತೆ ಕಲ್ಲು ಮಾಡುತ್ತಿದ್ದಾರೆ. ಬೀಸುವವನ ಸುತ್ತ, ಹಿಂದೆಯೂ ಸೇರಿ, ಯಾರೂ ಇರಬಾರದು. ನೋಡುವವರು ದೂರದಲ್ಲಿ, ಬಲೆಯ ಹಿಂದೆ ನಿಲ್ಲಬೇಕು. ಎಲ್ಲರ ಕವಣೆ ಕೆಳಗಿಳಿದ ಮೇಲೆಯೇ ಗುಂಡು ಆರಿಸಲು ಹೋಗಬೇಕು. ಗುರಿಗೆ ಗೋಡೆ ಬೇಡ, ಬಂಡೆ ಬೇಡ. ಎರಡು ಗಳದ ನಡುವೆ ಹಳೆಯ ಕೌದಿಯನ್ನೋ ತಾಡಪತ್ರಿಯನ್ನೋ ಕೆಳಗೆ ಸಡಿಲವಾಗಿ ಇಳಿಬಿಟ್ಟರೆ ಗುಂಡು ಅದಕ್ಕೆ ತಾಗಿ ಅಲ್ಲೇ ಜಾರಿ ಬೀಳುತ್ತದೆ. ಹಕ್ಕಿಗೆ, ನಾಯಿಗೆ, ಮಂಗಕ್ಕೆ ಗುರಿಯಿಡುವವನನ್ನು ಅವತ್ತೇ ಮೈದಾನದಿಂದ ಹೊರಗೆ ಕಳಿಸಬೇಕು.

ಕಲ್ಲಿನ ಪಕ್ಷದವರಿಗೆ ಒಂದು ಗಟ್ಟಿ ಉದಾಹರಣೆ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಸ್ಪೇನಿನ ಬಲೆಯಾರಿಕ್ ದ್ವೀಪಗಳವರು ಪ್ರಾಚೀನ ಕಾಲದಿಂದ ಕವಣೆಗೆ ಹೆಸರಾದವರು. ಇಂದಿಗೂ ಅಲ್ಲಿ ಅದು ಕ್ರಮಬದ್ಧ ಕ್ರೀಡೆ. 120 ಸೆಂ.ಮೀ. ಚೌಕದ ಹಲಗೆ, ಅದರ ನಡುವೆ 50 ಸೆಂ.ಮೀ. ಅಗಲದ ದುಂಡು ಗುರಿ, ಎಸೆಯುವುದು ಕಲ್ಲನ್ನೇ. ನಮ್ಮವರು ಅಲ್ಲಿಂದ ಕಲ್ಲನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಅಳೆದ ದೂರ, ಗೊತ್ತುಮಾಡಿದ ಹಲಗೆ, ಅದನ್ನು ನಡೆಸುವ ಒಕ್ಕೂಟ, ಸರದಿಯ ಶಿಸ್ತು ಇವನ್ನು ಬಿಟ್ಟುಬಿಡುತ್ತಾರೆ. ಆ ಏರ್ಪಾಡು ಹುನಗುಂದದಲ್ಲಿ ಬರಲಿ, ಆಗ ಕಲ್ಲಿನ ಮಾತಾಡೋಣ.

ನಾನು ಕಲ್ಲನ್ನು ಕವಣೆಯಿಂದ ಶಾಶ್ವತವಾಗಿ ಹೊರಹಾಕಲು ಹೊರಟಿಲ್ಲ. ಸುಗ್ಗಿ ಮುಗಿದು ಬಟಾಬಯಲಾದ ಎರೆಹೊಲದಲ್ಲಿ, ಮುಂದೆ ಅರ್ಧ ಕಿಲೋಮೀಟರ್ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ತೂಗಿ ಆರಿಸಿದ ಸಣ್ಣ ಕಲ್ಲನ್ನು ಒಬ್ಬೊಬ್ಬರಾಗಿ ಬೀಸುವ ದೂರದ ಪಂದ್ಯ ನಡೆಯಲಿ, ಹೊಲದ ಒಡೆಯ ಒಪ್ಪಿದರೆ. ಅದಕ್ಕೆ ಇಳಿಯುವವರು ಹದಿನೆಂಟು ದಾಟಿರಬೇಕು. ಅದಕ್ಕೂ ಮೊದಲು 25 ಮೀಟರ್ ದೂರದ ಕೌದಿಗೆ ಅರಿವೆಯ ಗುಂಡು ಹತ್ತರಲ್ಲಿ ಎಂಟು ಸಲ ತಾಗಿಸಿ ತೋರಿಸಿರಬೇಕು. ಜಾತ್ರೆಯ ಕಮಿಟಿಯವರು, ಶಾಲೆಯ ದೈಹಿಕ ಶಿಕ್ಷಕರು, ಯುವಕ ಮಂಡಳಿಯವರು ಇಷ್ಟನ್ನು ಕಾಗದದ ಮೇಲೆ ಬರೆದು ಮೈದಾನದ ಬಾಗಿಲಿಗೆ ಅಂಟಿಸಲಿ. ಹತ್ತಕ್ಕೆ ಎಂಟು ತಾಗಿಸಲಾಗದವನ ಕೈಗೆ ಕಲ್ಲು ಕೊಡುವ ಪಂದ್ಯಕ್ಕೆ ನಮ್ಮ ಮನೆಯ ಮಕ್ಕಳನ್ನು ನಾನು ಕಳಿಸುವುದಿಲ್ಲ, ನೋಡಲಿಕ್ಕೂ ಕಳಿಸುವುದಿಲ್ಲ. ನೀವೂ ಕಳಿಸಬೇಡಿ.